ಏಳನೆಯ ಕಲಂ

ಹಳೆಯ ಫಾರ್ಮಿನ ಏಳನೆಯ ಕಲಂ ಕೇಳುತ್ತಿತ್ತು:
ಆರು ತಿಂಗಳೊಳಗೆ ಸಾಯುವರೇ? ಹೌದು, ಇಲ್ಲ.
ಡಾಕ್ಟರು ಪೆನ್ನು ಹಿಡಿದು ಕಿಟಕಿಯಾಚೆ ನೋಡಿದರು.
ಸೋತ ಹೃದಯದ ಲೆಕ್ಕ ಹಾಗೆಲ್ಲ ಸಿಗುವುದಿಲ್ಲ.
ಇವತ್ತು ನೀರು ತುಂಬಿ ಪಾದ ಚಪ್ಪಲಿಗೆ ಹೊಗದು,
ನಾಡಿದ್ದು ಎದ್ದು ಕೂತು ಎಲ್ಲರನ್ನೂ ಬೈಯುತ್ತದೆ ಜೀವ.

ಓಡೀಲ್ ವರ್ಡಿನ್, ಅರವತ್ತೊಂದು,
ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ.
ಲೂಸಿಯಾನಾ, ಜೌಗಿನ ಅಂಚು, ಕಂಬಗಳ ಮೇಲೆ ನಿಂತ ಮನೆ,
ಬಡವರ ಸರ್ಕಾರಿ ವಿಮೆ.
'ಇಲ್ಲ' ಎಂದರೆ ಮನೆಗೆ ಯಾರೂ ಬರುವುದಿಲ್ಲ,
'ಹೌದು' ಎಂದರೆ ಹೃದಯದ ಚಿಕಿತ್ಸೆ ಬಿಡಬೇಕು.
ಡಾಕ್ಟರು ಖಾಲಿ ಬಿಟ್ಟರು.
ಖಾಲಿ ಬಿಟ್ಟ ಅರ್ಜಿ ವಾಪಸು ಬಂತು.
ಆ ಚಳಿಗಾಲ ಐದು ಸಲ ಆಂಬುಲೆನ್ಸು.

ಈ ಸಲದ ಫಾರ್ಮಿನಲ್ಲಿ ಆರರ ನಂತರ ಎಂಟು.
ಅಚ್ಚಿನ ತಪ್ಪೆಂದು ಫೋನು ಮಾಡಿ ಕೇಳಿದೆ.
ತಪ್ಪಲ್ಲವಂತೆ.

ಹಾಗಾಗಿ ನಾನು, ನರ್ಸು, ಪ್ರತಿ ಮಂಗಳವಾರ
ಹದಿಮೂರು ಮೆಟ್ಟಿಲು ಹತ್ತುತ್ತೇನೆ.
ಅವರು ಅವನ್ನು ಇಳಿದು ಎರಡು ತಿಂಗಳಾಯಿತು.
ಮೊದಲ ದಿನ ತೂಕ, ಊತ, ಮಾತ್ರೆಯ ಹೊತ್ತು ಬರೆದುಕೊಂಡು
ಕೊನೆಗೆ ಕೇಳಿದೆ: ನಿಮಗೆ ಏನು ಬೇಕು?
ಬಹಳ ಹೊತ್ತು ನನ್ನನ್ನೇ ನೋಡಿದರು,
ಯಾರೋ ತೊಟ್ಟಿಲ ಹೆಸರು ಹಿಡಿದು ಕರೆದ ಹಾಗೆ.
'ಗಂಬೋ ಮಾಡಬೇಕು.'

ಗಂಬೋ ಎಂದರೆ ಮೊದಲು ಮೈದಾ, ಎಣ್ಣೆ, ಸಣ್ಣ ಉರಿ,
ಮುಕ್ಕಾಲು ಗಂಟೆ ಸೌಟು ನಿಲ್ಲಬಾರದು.
ಅವರ ಮೂಗಿಗೆ ಆಮ್ಲಜನಕದ ನಳಿಕೆ.
ಉರಿ, ಉಸಿರು ಒಂದೇ ಕೋಣೆಯಲ್ಲಿ ಕೂಡದು
ಎಂದು ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದವಳು ನಾನೇ.

ಕಡೆಗೆ ಸ್ಟವ್ ಕೆಳಗಿಳಿಯಿತು, ಅಂಗಳದ ಆ ತುದಿಗೆ.
ಪಕ್ಕದ ಮನೆಯ ಹುಡುಗ ಟ್ರೆಮೇನ್ ಸೌಟು ಹಿಡಿದ.
ಓಡೀಲ್ ಮೇಲೆ, ಜಗಲಿಯ ಕುರ್ಚಿಯಲ್ಲಿ, ಸಿಲಿಂಡರಿನ ಪಕ್ಕ.
ಗಾಳಿ ನಮ್ಮ ಕಡೆಗಿತ್ತು, ಪುಣ್ಯಕ್ಕೆ.
'ಇನ್ನೂ ಬಿಸ್ಕತ್ತಿನ ವಾಸನೆ. ತಿರುಗಿಸು.'
'ಈಗ ಕಡಲೆಕಾಯಿ. ತಿರುಗಿಸು ಅಂದೆ!'
ಒಮ್ಮೆ ನಳಿಕೆಯನ್ನು ಕೆನ್ನೆಗೆ ಸರಿಸಿ
ಎದೆ ಹಿಡಿಸಿದಷ್ಟು ಗಾಳಿ ಎಳೆದುಕೊಂಡರು.
ನಾನು ಗಡಿಯಾರ ನೋಡಿದೆ, ಉಗುರಿನ ಬಣ್ಣ ನೋಡಿದೆ,
ಸುಮ್ಮನಿದ್ದೆ.
'ಈಗ. ಈಗ ಈರುಳ್ಳಿ ಹಾಕು.'

ಭೇಟಿಯ ವರದಿ ಕಾರಿನಲ್ಲಿ ಕೂತು ಬರೆದೆ:
ನೋವು, ಹತ್ತಕ್ಕೆ ಮೂರು. ಊತ ಇಳಿದಿದೆ.
ಆಸ್ಪತ್ರೆಗೆ ಹೋದದ್ದಿಲ್ಲ.
'ಇತರೆ' ಎಂಬಲ್ಲಿ ಒಂದೂವರೆ ಗೆರೆ ಜಾಗ.
ಬೆರಳಿಗೆ ಇನ್ನೂ ಹುರಿದ ಹಿಟ್ಟಿನ ಘಮ.
ಬರೆದೆ: ಉಪ್ಪು ಸಾಲದೆಂದು ರೋಗಿಯ ದೂರು.