ಹಿತ್ತಾಳೆ ಕಿವಿ

ಅಸ್ಮಾರಾದ ಇರುಳು ಒಣ ಚಳಿ.
ಗೋಡೆಯ ಈಚೆ ನನ್ನ ಮಂಚ,
ಆಚೆ ಜೆರೆಸೆನಾಯರ ತೊಪೊಲಿನೊ.
ಇಟಲಿಯವರು ಬಿಟ್ಟುಹೋದ ಕಾರು, ಹೆಸರಿಗೆ ಇಲಿಮರಿ,
ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿದು.

ಕೂಪನ್ನು ಕೊಟ್ಟು ತಂದು ಸಂಜೆ ಸುರಿದ ಐದು ಲೀಟರು
ಬೆಳಗ್ಗೆ ಮೂರಾಗುತ್ತಿತ್ತು.
ಕಡ್ಡಿ ಅದ್ದಿ ನೋಡುತ್ತಿದ್ದರು,
ಕಡ್ಡಿಯಿಂದ ಕಣ್ಣೆತ್ತಿ ನನ್ನನ್ನು.

ಕಾಫಿ ಅಂಗಡಿಯ ಹುಡುಗ ಊದಿದ್ದನಂತೆ:
ಕಾವಲಿನ ಇದ್ರಿಸ್ ಹೊಸ ಚಪ್ಪಲಿ ಮೆಟ್ಟಿದ್ದಾನೆ.
ಅವರದು ಮೊದಲೇ ಹಿತ್ತಾಳೆ ಕಿವಿ.
ವಾಸನೆ ಬರುತ್ತೆ ಯಜಮಾನರೇ, ಇರುಳಿಡೀ ಬರುತ್ತೆ, ಅಂದೆ.
ಬರದೆ ಏನು, ನಿನ್ನ ಅಂಗಿಯಿಂದಲೇ, ಅಂದರು.

ಪೆಟ್ರೋಲು ಸಾಕ್ಷಿಗೆ ನಿಲ್ಲುವ ಪೈಕಿಯಲ್ಲ.
ಬಿದ್ದ ಹನಿಯಲ್ಲಿ ಅರ್ಧ ಮಣ್ಣಿಗೆ,
ಇನ್ನರ್ಧ ಕೋಳಿ ಕೂಗುವುದರೊಳಗೆ ಗಾಳಿಗೆ.

ಲೆತೆಬ್ರಹಾನ್ ಬಂದದ್ದು ಬ್ರೇಕು ನೋಡಲಿಕ್ಕೆ.
ಬಾನೆಟ್ಟು ಎತ್ತಿದವಳು ಮೂಗರಳಿಸಿ ನಿಂತಳು.
ಟ್ಯಾಂಕು ಮೇಲೆ, ಕಾರ್ಬ್ಯುರೇಟರು ಕೆಳಗೆ,
ನಡುವಿನ ನಲ್ಲಿ ಯಾವ ಕಾಲಕ್ಕೋ ಸವೆದದ್ದು.
ಹಳೆಯ ರಟ್ಟಿನಲ್ಲಿ ಹೊಸ ಗ್ಯಾಸ್ಕೆಟ್ಟು ಕತ್ತರಿಸಿ ಕೂರಿಸಿದಳು.
ತೊಟ್ಟಿಕ್ಕಿತು.
ಸೂಜಿಕವಾಟ ಬಿಚ್ಚಿ, ನಾಲಗೆ ಹಚ್ಚಿ ಹೀರಿ ನೋಡಿ,
ಥೂ ಎಂದು ಉಗಿದು, ಇದು ಸರಿಯಿದೆ ಅಂದಳು.
ಮತ್ತೆ ತೊಟ್ಟಿಕ್ಕಿತು.

ಆಮೇಲೆ ಬಟ್ಟಲಿಗೆ ಬೆರಳಿಳಿಸಿ ಫ್ಲೋಟು ತೆಗೆದಳು.
ಹಿತ್ತಾಳೆಯ ಪುಟ್ಟ ಬುರುಡೆ.
ಪೆಟ್ರೋಲು ಏರಿದರೆ ತಾನೂ ತೇಲಿ ಏರಿ
ಬಾಗಿಲು ಹಾಕುವುದಷ್ಟೇ ಅದರ ಕೆಲಸ;
ನನ್ನದೇ ಕೆಲಸ, ಸಂಬಳವಿಲ್ಲದೆ.
ಸಂತೆಯಲ್ಲಿ ಮೊಟ್ಟೆ ಕೊಳ್ಳುವವಳ ಹಾಗೆ
ಕಿವಿಯ ಬಳಿ ಅಲ್ಲಾಡಿಸಿದಳು.
ಜೆರೆಸೆನಾಯರ ಕಿವಿಗೂ ಹಿಡಿದಳು.

ಗುಳುಕ್.

ಚಹಾ ಪಾತ್ರೆಯ ಬಿಸಿನೀರಿಗೆ ಅದನ್ನು ಅದುಮಿದಾಗ
ಬೆಸುಗೆಯ ಗೆರೆಯಿಂದ ಗುಳ್ಳೆಯ ಹಿಂದೆ ಗುಳ್ಳೆ.
ಸಾಸಿವೆ ಕಾಳು ಕೂಡ ತೂರದ ತೂತು,
ಅದರಲ್ಲಿ ನನ್ನ ಮರ್ಯಾದೆ ಎಷ್ಟು ಲೀಟರು ಸೋರಿತ್ತೋ.

ಕುಡಿದದ್ದನ್ನೆಲ್ಲ ಕಕ್ಕಿಸಿ, ಒಣಗಿಸಿ, ಬೆಸೆದಳು.
ಮುಗಿಯಿತಲ್ಲ, ಅಂದರು ಯಜಮಾನರು.
ಇಲ್ಲ, ಅಂದಳು. ತೂತು ಮುಚ್ಚಿದ್ದು ಈಗ ಭಾರ.
ಭಾರವಾದದ್ದು ತಡವಾಗಿ ಏಳುತ್ತೆ,
ಅಷ್ಟರಲ್ಲಿ ಬಟ್ಟಲು ತುಳುಕುತ್ತೆ.
ಪಕ್ಕದ ಅಕ್ಕಸಾಲಿ ಬಹ್ತಾನ ತಕ್ಕಡಿ ಬಂತು,
ಚಿನ್ನ ಕೂರುವ ತಟ್ಟೆಯಲ್ಲಿ ಹಿತ್ತಾಳೆ ಕೂತಿತು.
ಹನ್ನೊಂದು ಗ್ರಾಂ ಎಂದು ಮೈಮೇಲೇ ಅಚ್ಚು ಇದೆ.
ಅರ ಹಿಡಿದು ಉಜ್ಜಿದಳು, ತೂಗಿದಳು, ಉಜ್ಜಿದಳು.
ಒಂದು ಗುಲಗಂಜಿಯಷ್ಟು ಬೂದು ಪುಡಿ
ನನ್ನ ಹೊಸ ಚಪ್ಪಲಿಯ ಮೇಲೆ ಉದುರಿತು.

ಅವತ್ತಿರುಳು ವಾಸನೆ ಇರಲಿಲ್ಲ.
ರೂಢಿ ತಪ್ಪಿ ನಿದ್ದೆಯೂ ಬರಲಿಲ್ಲ.

ಬೆಳಗ್ಗೆ ಕಡ್ಡಿಯಲ್ಲಿ ಐದಕ್ಕೆ ಐದೂ ಒದ್ದೆ.
ಒಮ್ಮೆ ಒರೆಸಿ ಮತ್ತೊಮ್ಮೆ ಅದ್ದಿದರು.
ಆ ಚಪ್ಪಲಿ, ಅಂದರು ಕಡ್ಡಿಯನ್ನೇ ನೋಡುತ್ತ,
ಎಲ್ಲಿ ಕೊಂಡದ್ದು?
ಮೆದೆಬೆರ್ ಸಂತೆಯಲ್ಲಿ, ಹಳೆಯ ಟೈರಿನದು, ಅಂದೆ.
ದೂರವೇ?
ನಡೆದರೆ ದೂರ.

ಕಡ್ಡಿ ಒಳಗಿಟ್ಟು,
ಆಚೆ ಕಡೆಯ ಬಾಗಿಲು ತೆರೆದು ಹಿಡಿದರು.