ಎರಡು ಬೆರಳಿನಷ್ಟು ಟೇಪು

ಹುಡುಗರು ಸಿ.ಡಿ. ಕೊಟ್ಟು ಹೋದರು. ಕವರಿನ ಮೇಲೆ
ಕರಿಬಸಮ್ಮನವರ ಹಳೇ ಫೋಟೊ, ಕಣ್ಣಿಗೆ ಗಾಢ ಕಾಡಿಗೆ ಬಳಿದು,
ಹಿಂದೆ ಮಿಂಚು ಹೊಡೆಸಿದ್ದಾರೆ.
ಪಾಪ, ಫ್ಯಾಕ್ಟರಿ ಟೆಲಿಫೋನಿನಲ್ಲಿ ಇಪ್ಪತ್ತಾರು ವರ್ಷ
‘ಲೈನ್ ಬಿಜಿ ಇದೆ, ಸ್ವಲ್ಪ ತಡೀರಿ’ ಅಂದ ಹೆಂಗಸು.

ಹನ್ನೊಂದು ಹಾಡು, ಏಳು ತಂಡ. ಹೆಸರು ನೋಡಿ:
ಸಾಗರದವರು ‘ಉಂಬಳ’. ಹೊಸನಗರದವರು ‘ಮುಳುಗಡೆ’.
ತಾಳಗುಪ್ಪದವರಂತೂ ‘ಗೇಜ್ ಪರಿವರ್ತನೆ’.
ನಗು ಬಂತು. ಆಮೇಲೆ ಯೋಚಿಸಿದರೆ, ಸರಿಯೇ:
ಅದೇ ದಾರಿ, ಅದೇ ಸ್ಟೇಷನ್ನು,
ಹಳಿ ಮಾತ್ರ ಅಗಲ.
ರೈಲ್‌ಬಸ್ಸು ಗೊಣಗಿಕೊಂಡು ಹೋಗುತ್ತಿದ್ದಲ್ಲಿ
ಈಗ ಉದ್ದದ ಗಾಡಿ, ಲೋಟದ ಚಹಾ ನಡುಗುವ ಹಾಗೆ.

ಹಾಡು ಹುಟ್ಟಿದ್ದು ಎಂಬತ್ತಾರರಲ್ಲಿ,
ಭದ್ರಾವತಿ ಪೇಪರ್ ಟೌನಿನ ಕ್ಲಬ್ಬಿನಲ್ಲಿ.
ಸಾಹಿತ್ಯ, ಹಾರ್ಮೋನಿಯಂ ಫಿಟ್ಟರ್ ಆರೋಗ್ಯಸ್ವಾಮಿ.
ಬಾಂಗೊ ಬಾಯ್ಲರ್ ಹೌಸಿನ ಚೌಡಪ್ಪ.
ಮೈಕು ಒಂದೇ, ಅದರ ಮೂತಿಗೆ ನನ್ನ ಕರ್ಚೀಫು.
‘ಎರಡನೆ ಪಾಳಿಯ ಚಂದಿರನೇ,
ಕೈಕಾಲು ತೊಳೆದು ಬಂದೆಯಾ’
ಅಂತ ಅವರು ಎತ್ತಿಕೊಂಡರೆ
ಇಸ್ಪೀಟಿನವರೂ ಎಲೆ ಮಗುಚಿಟ್ಟು ಕೂರುತ್ತಿದ್ದರು.

ದುರ್ಗಿಗುಡಿಯ ನನ್ನ ಅಂಗಡಿಯಲ್ಲಿ ನಲವತ್ತು ಪ್ರತಿ ಮಾಡಬೇಕಿತ್ತು.
ಮೂಲ ಕ್ಯಾಸೆಟ್ಟನ್ನೇ ಡೆಕ್ಕು ಜಗಿಯಿತು,
ಎಮ್ಮೆ ಹುಲ್ಲು ಎಳೆದುಕೊಂಡ ಹಾಗೆ.
ಪೆನ್ಸಿಲಿಗೆ ಸುತ್ತಿದೆ, ಉಗುರಿನಲ್ಲಿ ನೀವಿದೆ, ಆಗಲಿಲ್ಲ.
ಬ್ಲೇಡು ತಗೊಂಡು ಎರಡು ಬೆರಳಿನಷ್ಟು ಕತ್ತರಿಸಿ
ಅಂಟಿಸಿಬಿಟ್ಟೆ. ಒಂದೂವರೆ ಮಾತು ಹೋಯಿತು.
‘ನಿನಗೂ ಒಂ—
ಇಟ್ಟಿರುವೆ’
ಅಂತ ಹಾರುತ್ತಿತ್ತು. ಯಾರೂ ವಾಪಸ್ ತರಲಿಲ್ಲ.
ಮದುವೆ ಮನೆಯಲ್ಲಿ ಹಾಕಿದರು, ಟೆಂಪೊದಲ್ಲಿ ಹಾಕಿದರು.

ಮೊನ್ನೆ ಛತ್ರದಲ್ಲಿ ಬಿಡುಗಡೆ.
ಗಿಟಾರು ಶುರುವಾಯಿತು, ಸಾಮಿಲ್ಲಿಗೆ ಹಸಿ ದಿಮ್ಮಿ ಕೊಟ್ಟ ಹಾಗೆ.
ಮುಂದಿನ ಸಾಲಿನಲ್ಲಿ ಕರಿಬಸಮ್ಮನವರು
ಕಿವಿಯ ಮಿಷನ್ನು ತೆಗೆದು ಪರ್ಸಿಗೆ ಹಾಕಿಕೊಂಡರು.
ಆಮೇಲೂ ಅವರ ಎಡಗಾಲು ತಾಳ ಹಾಕುತ್ತಿತ್ತು,
ನೆಲದಿಂದ ಕೇಳಿಸಿಕೊಂಡರೋ ಏನೋ.
ಆ ಸಾಲು ಬಂತು. ಹುಡುಗ ಗಂಟಲು ಹರಿಯುವಂತೆ
‘ನಿನಗೂ ಒಂ—’

ಎಲ್ಲ ನಿಂತುಹೋಯಿತು. ಡ್ರಮ್ಮು, ಲೈಟು, ಎಲ್ಲ.
ಆ ಕತ್ತಲೆಯೊಳಗೆ ಮುನ್ನೂರು ಮಕ್ಕಳು ಒಟ್ಟಿಗೆ ಕಿರುಚಿದವು,
ಆಮೇಲೆ ಛಾವಣಿ ಕುಸಿದ ಹಾಗೆ ‘ಇಟ್ಟಿರುವೆ!’

ನನ್ನ ತಪ್ಪನ್ನು ಅಷ್ಟು ನೀಟಾಗಿ ಕಲಿತಿದ್ದವು.

ಕೆಳಗಿಳಿದು ಬಂದ ಹುಡುಗ, ಬೆವರು ಒರೆಸಿಕೊಳ್ಳುತ್ತ:
‘ದಸ್ತಗೀರ್ ಅಂಕಲ್, ಆ ಗ್ಯಾಪ್ ಇದೆಯಲ್ಲ, ಬೆಂಕಿ!
ಆ ಕಾಲಕ್ಕೇ ಯಾರದ್ದು ಆ ಐಡಿಯಾ?’
‘ಬ್ಲೇಡಿಂದು’ ಅಂದೆ.
‘ಓ, ಯಾವೂರಿನ ಬ್ಯಾಂಡು ಅಂಕಲ್ ಅದು?’

ಆಟೊ ಕಾಯುತ್ತ ನಿಂತಾಗ ಅವರು ಮಿಷನ್ನು ಮತ್ತೆ ಹಾಕಿಕೊಂಡು,
‘ಅಲ್ಲಿ ಏನೋ ಒಂದು ಮಾತಿತ್ತು ಅಲ್ವಾ?’ ಅಂದರು.
ಆ ತುಂಡು ನನ್ನ ನಶ್ಯದ ಡಬ್ಬಿಯಲ್ಲಿ ಈಗಲೂ ಇದೆ,
ಹುಳಿಹುಣಸೆ ಸಿಪ್ಪೆಯ ಹಾಗೆ ಮುರುಟಿಕೊಂಡು.
ಯಾವ ಯಂತ್ರವೂ ಅದನ್ನು ಓದುವುದಿಲ್ಲ.
ಒಂದು ತುತ್ತು? ಒಂದು ತಟ್ಟೆ? ಒಂದು ಮುತ್ತು?
ಬರೆದ ಆರೋಗ್ಯಸ್ವಾಮಿ ಹೋಗಿ ಹದಿನಾಲ್ಕು ವರ್ಷ.

‘ಮುತ್ತು ಇರಲಿಕ್ಕಿಲ್ಲ’ ಅಂದರು,
‘ನಮ್ಮೆಜಮಾನ್ರು ಎದುರಿಗೇ ಕೂತಿರ್ತಿದ್ರು.’
ಆಟೊ ಬಂತು. ಸೆರಗು ಒಳಗೆಳೆದುಕೊಂಡು ಕೂತರು.
ಹೊರಡುವಾಗ ತಲೆ ಮಾತ್ರ ಹೊರಗೆ ಹಾಕಿ,
‘ಹಾಗಂತ ಖಂಡಿತ ಹೇಳೋಕೂ ಆಗಲ್ಲ.’