ಹತ್ತು ಪ್ರತಿ

ಮೂರು ಸಾಲದು, ಹತ್ತು ತೆಗೆಸು.
ಜೂನ್ ತಿಂಗಳ ಕಾರವಾರದಲ್ಲಿ ಕಾಗದ ಬಾಳುವುದಿಲ್ಲ,
ಛತ್ರಿಯೊಳಗೂ ನೆನೆಯುತ್ತದೆ,
ಮೇಲಿಂದ ಪ್ರತಿ ಕಿಟಕಿಯೂ 'ಇನ್ನೊಂದು ಸೆಟ್' ಎನ್ನುತ್ತದೆ.

ಹೆಸರೇನು? ಶೇಜಲ್ ತಾಂಡೇಲ.
ನೋಡಿಲ್ಲಿ, ಅಂಕಪಟ್ಟಿಯಲ್ಲಿ ಕೊನೆಗೊಂದು 'ಎ' ಉಂಟು,
ಆಧಾರಿನಲ್ಲಿ ಇಲ್ಲ.
ಒಂದಕ್ಷರ ಅಂತ ನಗಬೇಡ. ಆ ಒಂದಕ್ಷರಕ್ಕೆ
ಸ್ಕಾಲರ್‌ಶಿಪ್ಪು ವರ್ಷವಿಡೀ ಬಾಗಿಲಾಚೆ ನಿಂತದ್ದು ಕಂಡಿದ್ದೇನೆ.
ಈ ವಾರವೇ ತಿದ್ದಿಸು.

ಅಪ್ಪ ಬೈತಖೋಲದ ಬೋಟಿನಲ್ಲಾ?
ಹಾಗಾದರೆ ಈಗ ಬಲೆ ಹೊಲಿಯುತ್ತ ಕೂತಿರಬೇಕು.
ಸರಕಾರ ಮೀನಿಗೆ ಎರಡು ತಿಂಗಳು ರಜೆ ಕೊಡುತ್ತದೆ,
ಕಾಲೇಜು ಅದೇ ಎರಡು ತಿಂಗಳಲ್ಲಿ ಫೀ ಕೇಳುತ್ತದೆ.
ಕಂತು ಉಂಟೋ ಎಂದು ಕೇಳು.
ಬೋರ್ಡಿನ ಮೇಲೆ ಬರೆದಿರುವುದಿಲ್ಲ,
ಕೇಳಿದವರಿಗೆ ಮಾತ್ರ ಉಂಟು.
ಕೇಳುವಾಗ ನಿನ್ನ ಚಪ್ಪಲಿ ನೋಡಬೇಡ,
ಕಿಟಕಿಯೊಳಗಿನ ಮುಖ ನೋಡು.
ಅವರೂ ಐದು ಗಂಟೆಗೆ ಮಾಜಾಳಿ ಬಸ್ಸಿಗೆ ಓಡುವವರೇ.

ತಡಿ, ಮಸುಕು ಬರುತ್ತಿದೆ. ಪುಡಿ ಮುಗಿಯುತ್ತ ಬಂತು.
ಡಬ್ಬಿ ತೆಗೆದು ಎರಡು ಸಲ ಕುಲುಕಿದರೆ
ಇನ್ನೂ ನೂರು ಹಾಳೆ ಓಡುತ್ತದೆ, ಕಂಪನಿಯವರು ಹೇಳುವುದಿಲ್ಲ.

ಇನ್ನೊಂದು ಮಾತು.
ಶಾಲೆಯಲ್ಲಿ ನೀನು ಮೊದಲ ನಂಬರಿನವಳಿರಬಹುದು,
ಪ್ರಾರ್ಥನೆಗೆ ಮುಂದೆ ನಿಂತವಳು.
ಅಲ್ಲಿ ಹತ್ತು ಶಾಲೆಯ ಮೊದಲ ನಂಬರುಗಳು
ಒಂದೇ ಬೆಂಚಿಗೆ ಒತ್ತಿಕೊಂಡು ಕೂರುತ್ತವೆ.
ಉಳಿದ ಲೆಕ್ಕ ನೀನೇ ಮಾಡು.

ನನಗಾದದ್ದು ಹೇಳುತ್ತೇನೆ.
ಹತ್ತನೆಯ ತನಕ 'ವೇಗೋತ್ಕರ್ಷ' ಎಂದು ಕಲಿತೆ,
ಅಲ್ಲಿ ಅದು 'ಆಕ್ಸಿಲರೇಷನ್' ಎಂದು ಹೆಸರು ಬದಲಿಸಿಕೊಂಡು
ಕರಿಹಲಗೆಯ ಮುಂದೆ ನಿಂತಿತ್ತು, ಗುರುತೇ ಸಿಗಲಿಲ್ಲ.
'ದ್ಯುತಿಸಂಶ್ಲೇಷಣೆ' ಒಂದೇ ಉಸಿರಿಗೆ ಹೇಳುತ್ತಿದ್ದವಳು ನಾನು!
ಎಲೆ ಅದೇ, ಬಿಸಿಲು ಅದೇ,
ಬಾಯಿ ಮಾತ್ರ ಕಟ್ಟಿಹೋಯಿತು.
ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ.
ಅರ್ಧ ಕ್ಲಾಸು ಸುಮ್ಮನೆ ಆಡಿಸುತ್ತಿತ್ತೆಂದು
ತಿಳಿಯುವಷ್ಟರಲ್ಲಿ ನನಗೆ ಮದುವೆಯಾಗಿತ್ತು.
ನೀನು ಪಟ್ಟಿಯ ಹಿಂದಿನ ಪುಟದಲ್ಲಿ ಗೆರೆ ಎಳೆದುಕೋ,
ಆಚೆ ಅವರ ಶಬ್ದ, ಈಚೆ ನಿನ್ನದು.
ದೀಪಾವಳಿಯೊಳಗೆ ಎರಡೂ ನಿನ್ನವೇ.
ನಾನು ದೀಪಾವಳಿಗೆ ಮನೆಗೆ ಬಂದವಳು
ತಿರುಗಿ ಹೋಗಲಿಲ್ಲ.

'ಅಕ್ಕೋರೇ,' ಎಂದಳು ಹುಡುಗಿ,
ಬಿಸಿ ಹಾಳೆಗಳನ್ನು ಎದೆಗೆ ಒತ್ತಿಕೊಂಡು,
'ನಾನು ಸೈನ್ಸ್ ಅಲ್ಲ, ಕಾಮರ್ಸ್.'

ಅಯ್ಯೋ ಮಾರಾಯ್ತಿ!
ಇಷ್ಟು ಹೊತ್ತು ಕೊರೆದೆ, ನಡುವೆ ಒಂದು ಮಾತು ಆಡಲಿಲ್ಲವಲ್ಲ ನೀನು.
ಇದನ್ನೇ ಬಿಡಬೇಕು ಅಲ್ಲಿ.
ದೊಡ್ಡವರು ದಾರಿ ತಪ್ಪಿ ಹೋಗುತ್ತಿದ್ದರೆ
ಮೊದಲ ತಿರುವಿನಲ್ಲೇ ಕೈ ಎತ್ತು.

ಇಪ್ಪತ್ತು ರೂಪಾಯಿ. ಚಿಲ್ಲರೆ ಇಲ್ಲವೋ, ನಾಳೆ ಕೊಡು.
ನಿಲ್ಲು, ನಿಲ್ಲು,
ಗಾಜಿನ ಮೇಲೆ ನಿನ್ನ ಅಸಲು ಹಾಗೇ ಉಳಿದಿದೆ.
ದಿನಕ್ಕೊಬ್ಬರಾದರೂ ಹೀಗೆ,
ಹತ್ತು ನಕಲು ಎಣಿಸಿಕೊಂಡು ಅಸಲು ಬಿಟ್ಟು ನಡೆಯುತ್ತಾರೆ.

ನನ್ನದು ಕಾಲೇಜಿನ ಕಪಾಟಿನಲ್ಲೇ ಇರಬೇಕು.
ಸೇರುವಾಗ ಕೊಟ್ಟದ್ದು, ವಾಪಸು ತರಲಿಲ್ಲ,
ಇಪ್ಪತ್ತೆರಡು ವರ್ಷವಾಯಿತು.
ಈ ಅಂಗಡಿಯಿಂದ ನಡೆದರೆ ಏಳು ನಿಮಿಷ.
ಬಸ್‌ಸ್ಟ್ಯಾಂಡಿನವರೆಲ್ಲ ನನ್ನನ್ನು ಅಕ್ಕೋರು ಅನ್ನುತ್ತಾರೆ,
ಕನ್ನಡಕ ನೋಡಿ ಇರಬೇಕು.

ಹೇಗೂ ಆ ಕಿಟಕಿಗೆ ಹೋಗುತ್ತೀಯಲ್ಲ,
ನಿನ್ನ ಕೆಲಸವಾದ ಮೇಲೆ, ಹಿಂದೆ ಕ್ಯೂ ಇಲ್ಲದಿದ್ದರೆ,
ಒಂದು ಮಾತು ಕೇಳಿ ನೋಡು.

ಹೊರಗೆ ಮಾಜಾಳಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ.
ಹುಡುಗಿ ಪೆನ್ನಿನ ಮುಚ್ಚಳ ಹಲ್ಲಿನಿಂದ ತೆಗೆದಳು,
ಎಡ ಅಂಗೈ ಬಿಡಿಸಿದಳು.
'ಹೆಸರು ಹೇಳಿ ಅಕ್ಕೋರೇ,
ಅಂಕಪಟ್ಟಿಯಲ್ಲಿ ಇರುವ ಹಾಗೆ.'